ಮೆಳ್ಳಿಗೊಂಬೆಯ ಕಣ್ಣು

ಗೊಂಬೆಗೆ ಕೈಕಾಲು ಯಾರು ಬೇಕಾದರೂ ಜೋಡಿಸಬಹುದು, ಕಣ್ಣು ಬರೆಯುವುದು ಮಾತ್ರ ದೇವರ ಕೆಲಸದಲ್ಲಿ ಕೈಯಾಡಿಸಿದ ಹಾಗೆ ಎಂದು ಅಜ್ಜಿ ನಂಬಿದ್ದಳು. ಕಾರ್ಖಾನೆಯಲ್ಲಿ ಮೂವತ್ತು ವರ್ಷದಿಂದ ಕಣ್ಣು ಬರೆಯುತ್ತಿದ್ದವಳು ಅವಳೊಬ್ಬಳೇ. ಕುಂಚ ಅದ್ದುವ ಮೊದಲು ಎದುರಿಗೆ ಕೂತವರ ಮುಖವನ್ನು ನೋಡಬೇಕು, ಮನಸ್ಸಿನಲ್ಲೇ ಗೊಂಬೆಗೆ "ನೋಡು ತಾಯಿ" ಅನ್ನಬೇಕು, ಆಮೇಲೆ ಒಂದೇ ಉಸಿರಿನಲ್ಲಿ ಎರಡೂ ಬೊಟ್ಟು ಇಡಬೇಕು. ಅದು ಅವಳ ಪದ್ಧತಿ.

ದಿನವೂ ಎದುರಿಗೆ ಇರುತ್ತಿದ್ದವಳು ಗೊಂಬೆಗೆ ಕೂದಲು ಹೊಲಿಯುವವಳು. ಅವಳು ರಜೆ ಹಾಕಿದ ಒಂದು ದಿನ ಆ ಸ್ಟೂಲಿನ ಮೇಲೆ ಮೊಮ್ಮಗಳು ಗುಬ್ಬಿ ಕೂತಳು. ಆರು ವರ್ಷದ, ತಾಯಿಯಿಲ್ಲದ ಮಗು. ಎಡಗಣ್ಣು ಮೂಗಿನ ಕಡೆಗೆ ಸರಿದಿತ್ತು. ಅಜ್ಜಿ ಆ ಮುಖವನ್ನೇ ನೋಡಿ ನೋಡಿ ಬೊಟ್ಟಿಡುತ್ತಾ ಹೋದಳು. ಸಂಜೆ ಮಾಲೀಕ ಬಂದು ನೋಡಿದರೆ, ಇನ್ನೂರು ಗೊಂಬೆಗೂ ಮೆಳ್ಳಗಣ್ಣು.

"ಏನಮ್ಮಾ ಇದು, ಎಲ್ಲಾ ಮೂಗು ನೋಡ್ಕೊಂಡು ಕೂತಿವೆ? ನನ್ನ ಹೊಟ್ಟೆ ಮೇಲೆ ಹೊಡೆದ್ಯಲ್ಲ!"

ಎಸೆಯಲು ಮನಸ್ಸಾಗದೆ ಅಂಗಡಿಗೆ ಕಳಿಸಿದ. ವಾರದೊಳಗೆ ಒಂದೂ ಉಳಿಯಲಿಲ್ಲ. ಮೆಳ್ಳಿ ಅಂತ ಯಾರೋ ಹೆಸರಿಟ್ಟರು. ಇನ್ನು ಇದೇ ಕಣ್ಣು ಬರೆಯಬೇಕೆಂದು ಮಾಲೀಕ ಗುಬ್ಬಿಯ ಫೋಟೊ ತಂದು ಅಜ್ಜಿಯ ಎದುರಿನ ಗೋಡೆಗೆ ಅಂಟಿಸಿದ.

ಮೂರು ವರ್ಷ ಊರಿಗೆ ಊರೇ ಮೆಳ್ಳಿಯ ಹುಚ್ಚು ಹಿಡಿಸಿಕೊಂಡಿತು. ಬಸ್ಸಿನ ಕನ್ನಡಿಗೆ ಮೆಳ್ಳಿ, ಅಂಗಿಯ ಮೇಲೆ ಮೆಳ್ಳಿ. ಫೋಟೊ ತೆಗೆಸಿಕೊಳ್ಳುವವರೆಲ್ಲ ಕಣ್ಣು ಮೂಗಿಗೆ ತಿರುಗಿಸುವವರೇ. ಮಕ್ಕಳಿಗೆ ಈ ಚಾಳಿ ಬಿಡಿಸಿ ಎಂದು ಪತ್ರಿಕೆಯಲ್ಲಿ ಬರೆದ ಕಣ್ಣಿನ ಡಾಕ್ಟರ ಮೇಜಿನ ಮೇಲೂ ಒಂದು ಮೆಳ್ಳಿ ಕೂತಿತ್ತಂತೆ! ಶಾಲೆಯಲ್ಲಿ ಹಿಂದಿನ ಬೆಂಚಿನ ಗುಬ್ಬಿ ಮುಂದಕ್ಕೆ ಬಂದಳು. "ನನ್ ಪಕ್ಕ ಕೂತ್ಕೋ, ನನ್ ಪಕ್ಕ" ಎಂದು ಹುಡುಗಿಯರು ಅವಳನ್ನು ಎಳೆದಾಡಿದರು. ನನ್ನ ತಪ್ಪನ್ನೇ ವರ ಮಾಡಿದೆಯಲ್ಲಪ್ಪಾ ಎಂದು ಅಜ್ಜಿ ಕೈಮುಗಿದಳು.

ಹುಚ್ಚು ಬಂದಷ್ಟೇ ಬೇಗ ಇಳಿಯಿತು. ಯಾಕೆಂದು ಯಾರನ್ನು ಕೇಳುವುದು? ಗೊಂಬೆಗಳು ಮೂಟೆ ಮೂಟೆ ವಾಪಸು ಬಂದವು. ಮೆಳ್ಳಿ ಎಂಬುದು ಬೈಗುಳವಾಯಿತು. ಮೊದಲು ಗುಬ್ಬಿಯನ್ನು ಯಾರೂ ನೋಡುತ್ತಿರಲಿಲ್ಲ. ಈಗ ಅವಳನ್ನು ಅರಿಯದವರೇ ಇರಲಿಲ್ಲ.

ಒಂದು ಮಧ್ಯಾಹ್ನ ಅವಳು ಚೀಲ ಎಳೆದುಕೊಂಡು ನೇರವಾಗಿ ಕಾರ್ಖಾನೆಗೇ ಬಂದಳು.

"ಅಜ್ಜೀ, ನಾಳೆಯಿಂದ ನಾನು ಶಾಲೆಗೆ ಹೋಗಲ್ಲ."

"ಯಾಕೆ ಕಂದಾ?"

"ಕಸದ ಡಬ್ಬಿ ಹತ್ರ ಕೂತ್ಕೋ ಅಂತಾರೆ. ಹಳೇ ಮೆಳ್ಳಿ ಎಲ್ಲಾ ಅಲ್ಲಿಗೇ ಹೋಗ್ಬೇಕಂತೆ." ಚೀಲ ಕೆಳಗೆ ಬಿಟ್ಟು ಹೇಳಿದಳು: "ನೀನೇ ತಾನೆ ಮಾಡಿದ್ದು? ನೆಟ್ಟಗೆ ಕಣ್ಣಿರೋ ಮೆಳ್ಳಿ ಒಂದು ಮಾಡ್ಕೊಡು. ಈಗ ಮೆಳ್ಳಿ ಹೀಗಿದಾಳೆ ಅಂತ ತೋರಿಸ್ತೀನಿ."

ಕೂದಲು ಹೊಲಿಯುವವಳು ಗೋಡೆಯ ಫೋಟೊ ಕಿತ್ತು ಮಡಿಲಲ್ಲಿಟ್ಟುಕೊಂಡು, ಸ್ಟೂಲಿನ ಮೇಲೆ ಕೂತಳು. "ನನ್ ಮುಖ ನೋಡಿ ಬರೀರಿ ಅಜ್ಜಿ. ಕಣ್ಣು ನೆಟ್ಟಗಿವೆ, ಬುದ್ಧಿ ಒಂದೇ ಸೊಟ್ಟ."

ಅಜ್ಜಿ ನಕ್ಕಳು. ಆ ಮುಖ ನೋಡಿದಳು. ನೋಡು ತಾಯಿ ಎಂದಳು. ಬಲಗಣ್ಣು ನೆಟ್ಟಗೆ ಕೂತಿತು. ಎಡಗಣ್ಣು ಮೂಗಿನತ್ತ ಹೋಯಿತು. ಎರಡನ್ನೂ ಒರೆಸಿದಳು, ಬರೆದಳು. ಮತ್ತೆ ಒರೆಸಿದಳು. ಮೂರು ವರ್ಷ ಒಂದೇ ಮುಖ ಬರೆದ ಕೈಗೆ ಬೇರೆ ಮುಖ ಮರೆತೇಹೋಗಿತ್ತು. ಏಳನೆಯ ಸಲ ಸ್ಪಿರಿಟ್ಟಿನ ಬಟ್ಟೆ ಕಪ್ಪಿನ ಜೊತೆಗೆ ಬಿಳಿಯನ್ನೂ ಎತ್ತಿಕೊಂಡಿತು. ಎರಡೂ ಕಣ್ಣಿದ್ದ ಜಾಗದಲ್ಲಿ ಬರೀ ಕೆನ್ನೆಯ ಬಣ್ಣ.

"ಇರು, ಇನ್ನೊಂದು ತಗೋತೀನಿ." ಅಜ್ಜಿ ಮೂಟೆಗೆ ಕೈ ಹಾಕಿದಳು.

"ಬೇಡ ಅಜ್ಜಿ, ಇದೇ ಕೊಡು." ಗುಬ್ಬಿ ಆ ಖಾಲಿ ಮುಖವನ್ನು ಬೆರಳಿನಿಂದ ಸವರಿದಳು. "ಯಾರ್ ನಗ್ತಿದಾರೆ ಅಂತ ಇದಕ್ಕೆ ಕಾಣಲ್ಲ."

ಅಜ್ಜಿ ಕುಂಚ ತೊಳೆದು ಬಟ್ಟೆಯಲ್ಲಿ ಸುತ್ತಿಟ್ಟಳು. ಗೊಂಬೆಗಳಿಗೆ ಅಷ್ಟು ವರ್ಷ ಹೇಳಿದ 'ನೋಡು' ಎಂಬ ಮಾತನ್ನು ಈಗ ದೇವರಿಗೇ ಹೇಳೋಣವೆಂದು ತಲೆಯೆತ್ತಿದಳು. ಮೇಲೆಯೂ ಕಣ್ಣಿಲ್ಲದ ಆ ಮುಖವೇ ಕಂಡಂತಾಗಿ ಬಾಯಿ ಬರಲಿಲ್ಲ.