ಕಡಲು ಕೊಟ್ಟ ಗಾಜು

ಸೊಸೆಯ ದೂರು ಒಂದೂವರೆ ಪುಟ ಇತ್ತು. ಮೂರು ಸಲ ತಿದ್ದಿ ಬರೆದದ್ದು. ಭಾನುವಾರದ ಕರಕುಶಲ ಸಂತೆ ಶುರುವಾಗುವ ಮೊದಲೇ ಅದನ್ನು ಗಡಿಯಾರ ರಿಪೇರಿಯ ತಾತನ ಕೈಗಿಟ್ಟಳು. ಯಾವ ಮೇಜು ಯಾರಿಗೆ ಎಂದು ಹೇಳುವವನು ತಾತನೇ. ದೂರಿನ ಸಾರ ಇಷ್ಟು: ಪಕ್ಕದ ಮೇಜಿನ ತಂತಿಯಕ್ಕ ಕಡಲ ಗಾಜಿನ ಒಡವೆ ಎಂದು ಮಾರುತ್ತಿರುವುದು ಅಲೆ ಸವೆಸಿದ ಗಾಜಲ್ಲ, ಯಂತ್ರದಲ್ಲಿ ಉಜ್ಜಿದ ಬಾಟಲಿ ಚೂರು, ಅವಳ ಮೇಜನ್ನು ಇವತ್ತೇ ಖಾಲಿ ಮಾಡಿಸಬೇಕು.

"ಇವತ್ತೇ ಅಂತ ಯಾಕಮ್ಮ ಬರ್ದಿದೀಯ?" ಎಂದ ತಾತ.

"ಮೋಸ ಇವತ್ತೂ ನಡೀತಿದೆಯಲ್ಲ, ಅದಕ್ಕೆ. ಯಾರ ಮಾಲು ಸುಳ್ಳೋ ಅವರು ಮೇಜು ಬಿಡ್ಬೇಕು ತಾತ. ನಾನಾದ್ರೂ ಸರಿ."

ಕೊನೆಯ ಮಾತನ್ನು ಅವಳು ಸೇರಿಸಿದ್ದು ಬರೀ ಚಂದಕ್ಕೆ.

ಸಂತೆಯ ತನ್ನ ಮೇಜೊಂದು ಬಿಟ್ಟರೆ ಅವಳದು ಅನ್ನುವಂಥದ್ದು ಈ ಊರಲ್ಲಿ ಏನೂ ಇರಲಿಲ್ಲ. ಮನೆ ಅತ್ತೆಯದು, ಅಡುಗೆಮನೆ ಅತ್ತೆಯದು, ಬಂದರಿನಲ್ಲಿ ಕ್ರೇನು ಓಡಿಸುವ ಗಂಡ ಕೂಡ ಮುಕ್ಕಾಲು ಪಾಲು ಅತ್ತೆಯವನೇ. ತವರಿನಿಂದ ತಂದದ್ದೆಂದರೆ ಅಮ್ಮ ಕೊಟ್ಟ ಒಂದು ನೀಲಿ ಗಾಜಿನ ಹೂದಾನಿ, ಕೊರಳಿನ ಸುತ್ತ ಬಿಳಿ ಗೆರೆ ಇದ್ದದ್ದು. ಅದನ್ನೂ ಹೋದ ವರ್ಷ ಬೆಕ್ಕು ಬೀಳಿಸಿ ಒಡೆಯಿತು. ಹಾಗಂತ ಹೇಳಿದ್ದು ಅತ್ತೆ. ಚೂರುಗಳನ್ನು ಕೂಡ ಅವಳು ಬರುವಷ್ಟರಲ್ಲಿ ಗುಡಿಸಿಯಾಗಿತ್ತು.

ಹನ್ನೆರಡು ವರ್ಷದಿಂದ ಅತ್ತೆ ಸೊಸೆ ಹಾವು ಮುಂಗುಸಿ. ದಿನಾ ಬೆಳಿಗ್ಗೆ ಆರಕ್ಕೆ ಸೊಸೆ ಕಡಲ ದಂಡೆಗೆ ಹೊರಟರೆ "ಹೊರಟ್ಳು ನೋಡು, ಕಸ ಹೆಕ್ಕೋಳು" ಎಂದು ಬೆನ್ನಿಗೊಂದು ಮಾತು ಬೀಳುತ್ತಿತ್ತು. ಎಂಟಕ್ಕೆ ವಾಪಸು ಬಂದಾಗ "ಬಂತು ಭಾಗ್ಯ" ಎಂದು ಇನ್ನೊಂದು. ನಡುವಿನ ಎರಡು ಗಂಟೆ ಸೊಸೆಗೆ ಸ್ವರ್ಗ. ಹೆಕ್ಕಿ ತಂದ ಗಾಜನ್ನು ತಟ್ಟೆಯ ನೀರಿನಲ್ಲಿ ಮುಳುಗಿಸಿ, ಸಣ್ಣ ಡ್ರಿಲ್ಲಿನಿಂದ ಅವಸರ ಮಾಡದೆ ತೂತು ಕೊರೆಯುವಳು. ನೀರಿಲ್ಲದೆ ಕೊರೆದರೆ ಬಿಸಿಗೆ ಸೀಳಿಹೋಗುತ್ತದೆ. ಕೊರೆದ ಗಾಜಿಗೆ ಕೆಟ್ಟುಹೋದ ಕೈಗಡಿಯಾರದ ಹಲ್ಲುಚಕ್ರ, ಹರಿದ ಬ್ಯಾಗಿನ ಕೊಂಡಿ ಸೇರಿಸಿ ಓಲೆ, ಸರ, ಪದಕ ಕಟ್ಟುವಳು. ಮೇಜಿನ ಮೇಲೆ ಒಂದು ಹಲಗೆ: "ಕಡಲು ಕೊಟ್ಟದ್ದು, ನನ್ನ ಕೈಯಾರೆ ಹೆಕ್ಕಿದ್ದು."

ಮೂರು ವರ್ಷದ ಹಿಂದೆ ದಂಡೆಗೆ ಕಲ್ಲಿನ ಒಡ್ಡು ಕಟ್ಟಿದರು. ಗಾಜು ಬರುವುದು ನಿಂತೇ ಹೋಯಿತು. ಆರು ತಿಂಗಳು ಸೊಸೆ ಮನೆಯಲ್ಲೇ ಉಳಿದಳು. ಆ ಆರು ತಿಂಗಳಲ್ಲಿ ಗಂಡ ಎರಡು ಕಿವಿಯೂ ಕೇಳದವನ ಹಾಗೆ ಬದುಕಲು ಕಲಿತ. ಆಮೇಲೆ ಕಡಲಿಗೆ ಕರುಣೆ ಬಂತೋ ಏನೋ, ಗಾಜು ಮತ್ತೆ ಬರತೊಡಗಿತು. ಹಸಿರು, ಕಂದು, ಹೋದ ವರ್ಷದಿಂದ ನೀಲಿ ಕೂಡ. ನೀಲಿ ಸಿಗುವುದು ಅಪರೂಪ. ಮೊದಲ ನೀಲಿ ಚೂರನ್ನು ಸೊಸೆ ಯಾರಿಗೂ ಮಾರಲಿಲ್ಲ, ಪದಕ ಮಾಡಿ ಕೊರಳಿಗೆ ಹಾಕಿಕೊಂಡಳು.

ತಂತಿಯಕ್ಕನ ಮೇಲೆ ಅನುಮಾನ ಬಂದದ್ದಕ್ಕೆ ಕಾರಣವಿತ್ತು. ಅವಳು ಸುಟ್ಟ ಮೋಟರುಗಳನ್ನು ಬಿಚ್ಚಿ ತಾಮ್ರದ ತಂತಿ ತೆಗೆದು, ಅದರಲ್ಲಿ ಗಾಜನ್ನು ಸುತ್ತಿ ಒಡವೆ ಮಾಡುತ್ತಿದ್ದಳು. ಆದರೆ ದಂಡೆಯಲ್ಲಿ ಒಂದು ದಿನವೂ ಕಂಡವಳಲ್ಲ. ಹೆಕ್ಕದೆ ಗಾಜು ಎಲ್ಲಿಂದ ಬರುತ್ತದೆ? ಆಕಾಶದಿಂದಂತೂ ಉದುರುವುದಿಲ್ಲ.

ತಾತ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡ. ಸುತ್ತ ಏಳೆಂಟು ಜನ ಸೇರಿದರು. ಏನು ನೋಡಬೇಕೆಂದು ಹೇಳಿಕೊಟ್ಟವಳೂ ಸೊಸೆಯೇ.

"ಕಡಲು ಉಜ್ಜಿದ್ದಾದ್ರೆ ಮೈಮೇಲೆಲ್ಲ ಉಗುರು ಒತ್ತಿದ ಹಾಗೆ ಸಣ್ಣ ಸಣ್ಣ ಗುರುತು ಇರುತ್ತೆ. ಅದಾಗೋಕೆ ವರ್ಷಗಟ್ಲೆ ಬೇಕು. ಯಂತ್ರದ್ದಾದ್ರೆ ಒಂದೇ ಸಮ ನುಣ್ಣಗಿರುತ್ತೆ, ಅಷ್ಟೆ."

ತಾತ ತಂತಿಯಕ್ಕನ ಮೇಜಿನಿಂದ ಹತ್ತು ಚೂರು ನೋಡಿದ. "ಎಲ್ಲದರಲ್ಲೂ ಉಗುರಿನ ಗುರುತಿದೆ," ಎಂದ.

"ಇರದೆ ಏನು?" ಎಂದಳು ತಂತಿಯಕ್ಕ. "ಮೀನಿನ ಬಲೆಗೆ ಸಿಕ್ಕಿದ್ದನ್ನ ದೋಣಿಯವರು ನನಗೆ ತಂದು ಕೊಡ್ತಾರೆ. ಕೇಳಿದ್ರೆ ನಾನೇ ಹೇಳ್ತಿದ್ದೆ. ತಾತ, ಈಗ ಇವಳದ್ದೂ ನೋಡಿ. ನಾನಾದ್ರೂ ಸರಿ ಅಂದಿದಾಳಲ್ಲ."

"ಧಾರಾಳವಾಗಿ ನೋಡ್ಲಿ," ಎಂದಳು ಸೊಸೆ. ತಾನು ಹೆಕ್ಕಿದ್ದನ್ನು ಅವಳು ಒಂದು ದಿನವೂ ಪರೀಕ್ಷಿಸಿರಲಿಲ್ಲ. ಮರಳಿನಿಂದ ಕೈಯಾರೆ ಎತ್ತಿದ್ದನ್ನು ಪರೀಕ್ಷಿಸುವವರುಂಟೆ?

ತಾತ ಒಂದು ಚೂರು ನೋಡಿದ. ಇನ್ನೊಂದು ನೋಡಿದ. ಭೂತಗನ್ನಡಿಯನ್ನು ಒರೆಸಿ ಮತ್ತೆ ನೋಡಿದ. ಆಮೇಲೆ ಅದನ್ನು ಬಿಚ್ಚಿ ಅವಳ ಕೈಗೇ ಕೊಟ್ಟ. ಸೊಸೆ ಹಸಿರು ನೋಡಿದಳು, ಕಂದು ನೋಡಿದಳು, ಕೊನೆಗೆ ಕೊರಳಿನ ಪದಕವನ್ನೇ ಎತ್ತಿ ಹಿಡಿದಳು. ಎಲ್ಲಿಯೂ ಒಂದೇ ಒಂದು ಉಗುರಿನ ಗುರುತಿರಲಿಲ್ಲ.

"ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದೆ, ಪಕ್ಕದವರ ತಟ್ಟೆಯ ನೊಣ ಓಡಿಸೋಕೆ ಬಂದ್ಳು," ಎಂದು ತಂತಿಯಕ್ಕ ಎಲ್ಲರಿಗೂ ಕೇಳುವಂತೆ ಹೇಳಿದಳು. ಜನ ನಕ್ಕರು.

"ತಾತ, ನನ್ನಾಣೆಗೂ ನಾನೇ ಹೆಕ್ಕಿದ್ದು!"

"ಇರಬಹುದಮ್ಮ. ಆದ್ರೆ ಇವತ್ತೇ ಅಂತ ಬರ್ದವಳು ನೀನೇ." ತಾತ ದೂರನ್ನು ಮಡಿಸಿ ಜೇಬಿಗಿಟ್ಟುಕೊಂಡ.

ಹಲಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಹನ್ನೊಂದು ಗಂಟೆಗೆ ಸೊಸೆ ಮನೆಯ ಬೀದಿಗೆ ಬಂದಳು. ಮುಖಕ್ಕೆ ಮಸಿ ಬಳಿದುಕೊಂಡಷ್ಟು ನಾಚಿಕೆಯಾಗಿತ್ತು, ಅದಕ್ಕಿಂತ ಹೆಚ್ಚಾಗಿ ಏನೂ ಅರ್ಥವಾಗದ ಸಿಟ್ಟು. ಭಾನುವಾರ ಸಂಜೆಯ ಮೊದಲು ಅವಳು ಎಂದೂ ಮನೆಗೆ ಬಂದವಳಲ್ಲ. ಗೇಟು ತೆಗೆಯುವಾಗ ಹಿತ್ತಲಿನಿಂದ ಗರಗರ ಸದ್ದು ಕೇಳಿಸಿತು.

ತೀರಿಹೋದ ಮಾವ ಗಾರೆ ಮೇಸ್ತ್ರಿ. ಅವರ ಕಾಂಕ್ರೀಟ್ ಕಲಸುವ ಪುಟ್ಟ ಯಂತ್ರ ಶೆಡ್ಡಿನಲ್ಲಿ ತುಕ್ಕು ಹಿಡಿಯುತ್ತಿದೆ ಎಂದೇ ಅವಳು ತಿಳಿದಿದ್ದಳು. ಅದು ತಿರುಗುತ್ತಿತ್ತು. ಅತ್ತೆ ಸೀರೆಯನ್ನು ಎತ್ತಿ ಕಟ್ಟಿ, ಅದರ ಬಾಯಿಗೆ ಒಂದು ಚೊಂಬು ನೀರು ಹೊಯ್ಯುತ್ತಿದ್ದಳು. ಒಳಗೆ ಮರಳು, ಮರಳಿನ ನಡುವೆ ಗಾಜು. ನೆಲದ ಮೇಲೆ ಹರಡಿದ ಗೋಣಿಚೀಲದ ಮೇಲೆ ಒಣಗುತ್ತಿದ್ದ ಹಸಿರು ಒಂದು ಕಡೆ, ಕಂದು ಒಂದು ಕಡೆ. ಪಕ್ಕದಲ್ಲಿ ಬಟ್ಟೆಯ ಕೈಚೀಲ, ಮೊಣಕಾಲಿಗೆ ಒಳ್ಳೆಯದೆಂದು ದಿನಾ ಸಂಜೆ ದಂಡೆಗೆ ನಡೆಯಲು ಹೋಗುವಾಗ ಅತ್ತೆ ಹಿಡಿದುಕೊಳ್ಳುವ ಚೀಲ.

ಸೊಸೆ ಸ್ವಿಚ್ಚು ಆರಿಸಿದಳು. ಅತ್ತೆ ತಿರುಗಿ ನೋಡಿ, ಕದ್ದು ಸಿಕ್ಕಿಬಿದ್ದವಳ ಹಾಗೆ ಒಂದು ಕ್ಷಣ ನಿಂತಳು. ಅಷ್ಟೇ, ಒಂದೇ ಕ್ಷಣ.

"ಇಷ್ಟು ಬೇಗ ಯಾಕೆ ಬಂದೆ?"

"ನನ್ನ ಮೇಜು ಹೋಯ್ತು! ಎಲ್ಲರೆದುರು ನಾನು ಸುಳ್ಳಿ ಆದೆ! ಯಾಕತ್ತೆ ಹೀಗೆ ಮಾಡಿದ್ರಿ? ನನ್ನ ಮಾನ ತೆಗೀಬೇಕು ಅಂತಾನಾ?"

"ನಿನ್ನ ಮಾನ ತೊಗೊಂಡು ನಾನೇನು ಮಾಡ್ಲಿ?" ಅತ್ತೆ ಕೈ ಒರೆಸಿಕೊಂಡಳು. "ಒಡ್ಡು ಕಟ್ಟಿದ್ಮೇಲೆ ಆರು ತಿಂಗಳು ನೀನು ಮನೇಲೇ ಕೂತೆ. ಬೆಳಗಾದ್ರೆ ನಿನ್ನ ಮುಖ. ಒಲೆ ಹಚ್ಚಿದ್ರೆ ಹಿಂದೆ ಬಂದು ಉರಿ ಕಮ್ಮಿ ಮಾಡಿ ಅಂತೀಯ. ಉಪ್ಪು ಹಾಕಿದ್ರೆ ಜಾಸ್ತಿ ಆಯ್ತು ಅಂತೀಯ. ನನ್ನ ಅಡುಗೆಮನೇಲಿ ನನಗೇ ಉಸಿರು ಕಟ್ಟಿಹೋಯ್ತು. ಬೆಳಿಗ್ಗೆ ಎರಡು ಗಂಟೆ, ಬರೀ ಎರಡು ಗಂಟೆ ನೀನು ಹೊರಗಿದ್ರೆ ಸಾಕಿತ್ತು ನನಗೆ. ಕೋಳಿಗೆ ಕಾಳು ಚೆಲ್ಲಿದ ಹಾಗೆ ದಂಡೇಲಿ ಚೆಲ್ಲಿ ಬಂದೆ. ನೀನು ಹೆಕ್ಕಿದೆ. ಇಬ್ಬರಿಗೂ ಸುಖವಾಗಿತ್ತು."

ಸೊಸೆಗೆ ತಾನು ಎರಡೂವರೆ ವರ್ಷ ಬಗ್ಗಿ ಬಗ್ಗಿ ಹೆಕ್ಕಿದ ಒಂದೊಂದು ಚೂರೂ ಕಣ್ಣ ಮುಂದೆ ಬಂತು. ಕಣ್ಣು ಗೋಣಿಚೀಲದ ಮೂಲೆಗೆ ಹೋಯಿತು. ಅಲ್ಲಿ ಇನ್ನೂ ಉಜ್ಜದ ಒಂದು ಚೂರಿತ್ತು. ನೀಲಿ, ಅಂಚಿಗೆ ಬಿಳಿ ಗೆರೆ.

ಅವಳ ಕೈ ತಾನಾಗಿ ಕೊರಳಿನ ಪದಕಕ್ಕೆ ಹೋಯಿತು. ಅಮ್ಮನ ಹೂದಾನಿಯನ್ನು ಅವಳು ಒಂದು ವರ್ಷದಿಂದ ಕಡಲಿನ ವರ ಎಂದು ಎಲ್ಲರಿಗೂ ತೋರಿಸುತ್ತಾ ಬಂದಿದ್ದಳು. ಉಳಿದದ್ದನ್ನು ಜೋಡಿ ಜೋಡಿ ಓಲೆ ಮಾಡಿ ಮಾರಿದ್ದಳು.

"ಬೆಕ್ಕು ಬೀಳಿಸ್ತು ಅಂದ್ರಿ."

"ಬೆಕ್ಕೇ ಬೀಳಿಸಿದ್ದು."

"ಅದು ಕಪಾಟಿನಲ್ಲಿತ್ತು ಅತ್ತೆ. ಬೆಕ್ಕು ಕಪಾಟಿನ ಬಾಗಿಲು ತೆಗೀತಾ?"

ಅತ್ತೆ ಚೊಂಬು ಎತ್ತಿಕೊಂಡು ಒಳಗೆ ಹೋದಳು. ಸೊಸೆ ಬಿಳಿ ಗೆರೆಯ ಚೂರನ್ನು ಸೆರಗಿನಲ್ಲಿ ಕಟ್ಟಿಕೊಂಡಳು.

ಮರುದಿನ ಬೆಳಿಗ್ಗೆ ಆರಕ್ಕೆ ಅತ್ತೆ ಅಡುಗೆಮನೆಗೆ ಬಂದಾಗ ದೀಪ ಆಗಲೇ ಹತ್ತಿತ್ತು. ಒಲೆಯ ಪಕ್ಕದ ಮೇಜಿನ ಮೇಲೆ ನೀರು ತುಂಬಿದ ತಟ್ಟೆ, ಡ್ರಿಲ್ಲು, ಇಕ್ಕಳ, ಹಲ್ಲುಚಕ್ರದ ಡಬ್ಬಿಗಳು. ಸೊಸೆ ಸ್ಟೂಲಿನ ಮೇಲೆ ಕಾಲು ಮಡಚಿ ಕೂತಿದ್ದಳು.

"ಹೊರಡಲ್ವಾ?" ಎಂದಳು ಅತ್ತೆ.

"ಎಲ್ಲಿಗೆ?"

"ಕಡಲ ಹತ್ರ."

"ಯಾಕೆ ಹೋಗ್ಲಿ ಅತ್ತೆ? ಕಡಲು ಮನೇಲೇ ಇದೆಯಲ್ಲ."

ಅತ್ತೆಗೆ ಬೇರೆ ದಾರಿ ಇರಲಿಲ್ಲ. ಬಂದು ಒಲೆ ಹಚ್ಚಿ ಪಾತ್ರೆ ಇಟ್ಟಳು. ಸೊಸೆ ಬಿಳಿ ಗೆರೆಯ ಚೂರನ್ನು ನೀರಿಗೆ ಇಳಿಸಿ, ಒಂದು ಬೆರಳಿನಿಂದ ಒತ್ತಿ ಹಿಡಿದು, ಡ್ರಿಲ್ಲು ಶುರು ಮಾಡಿದಳು.

"ಉರಿ ಸ್ವಲ್ಪ ಕಮ್ಮಿ ಮಾಡಿ," ಎಂದಳು, ತಲೆ ಎತ್ತದೆ.