ಡ್ರಿಪ್ ಹಾಕಿದ್ದ ಕೈ

ವಾರ್ಡಿನಲ್ಲಿ ಎಲ್ಲರೂ ಅವಳನ್ನು ಸೊಳ್ಳೆ ಎಂದೇ ಕರೆಯುತ್ತಿದ್ದರು. ರಕ್ತ ತೆಗೆಯಲು ಬರುವವಳಿಗೆ ಇನ್ನೇನು ಹೆಸರಿಟ್ಟಾರು? ಅವಳೂ ಅದನ್ನು ನಗುತ್ತಲೇ ಒಪ್ಪಿಕೊಂಡಿದ್ದಳು. ಆ ಮಧ್ಯಾಹ್ನ ಮಾತ್ರ ಅವಳ ಮುಖದಲ್ಲಿ ನಗುವಿರಲಿಲ್ಲ.

ಬೆಳಗಿನ ವರದಿ ಬಂದಾಗಿನಿಂದ ನಮ್ಮ ಮುಖದಲ್ಲೂ ಇರಲಿಲ್ಲ. ನನ್ನ ತಂಗಿಯ ರಕ್ತದ ಕಣಗಳು ತೀರಾ ಇಳಿದಿದ್ದವು. ಅವು ಏರಿದ್ದರೆ ನಾಳೆಯಿಂದ ಮತ್ತೆ ಕ್ಯಾನ್ಸರಿನ ಔಷಧಿ, ಏರದಿದ್ದರೆ ಇನ್ನು ಔಷಧಿಯಿಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದು ಡಾಕ್ಟರು ಮೊದಲೇ ಹೇಳಿದ್ದರು.

"ದೊಡ್ಡಮ್ಮ, ನನ್ನಿಂದ ಒಂದು ತಪ್ಪಾಗಿದೆ," ಎಂದಳು ಸೊಳ್ಳೆ ನನ್ನ ಕಡೆ ತಿರುಗಿ. "ಬೆಳಿಗ್ಗೆ ಡ್ರಿಪ್ ಹೋಗ್ತಿದ್ದ ಕೈಯಿಂದಲೇ ತೆಗೆದೆ. ಅದೂ ಡ್ರಿಪ್ ಸೂಜಿಗಿಂತ ಮೇಲ್ಗಡೆ. ರಕ್ತಕ್ಕೆ ಆ ನೀರು ಬೆರೆತಿರತ್ತೆ. ಲೆಕ್ಕ ಕಮ್ಮಿ ಬಂದಿದ್ದು ಅದಕ್ಕೇ ಇರಬಹುದು."

ತಂಗಿಯ ಇನ್ನೊಂದು ಕೈಗೆ ಚುಚ್ಚುವಂತಿರಲಿಲ್ಲ, ಎದೆಯ ಆಪರೇಷನ್ ಆಗಿದ್ದು ಆ ಕಡೆಗೇ. ಉಳಿದ ಕೈಯ ನರಗಳು ಔಷಧಿಗೆ ಹಗ್ಗದಂತೆ ಬಿಗಿದುಕೊಂಡಿದ್ದವು. ಬೆಳಿಗ್ಗೆ ಚುಚ್ಚಿದಲ್ಲೆಲ್ಲ ಸಿಗದೆ, ತಂಗಿಯ ಕಣ್ಣೀರು ನೋಡಲಾರದೆ, ಸೊಳ್ಳೆ ಸಿಕ್ಕ ಕಡೆ ತೆಗೆದುಬಿಟ್ಟಿದ್ದಳು. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

"ನಿನ್ನ ಬಾಯಿಗೆ ಸಕ್ಕರೆ ಹಾಕ್ಬೇಕು ಕಣೇ!" ಎಂದಳು ತಂಗಿ ಹಾಸಿಗೆಯಿಂದಲೇ.

"ಬೇಡಮ್ಮ, ಡಾಕ್ಟರ ಹತ್ರ ಹೊಟ್ಟೆ ತುಂಬ ಬೈಗುಳ ತಿಂದೇ ಬಂದಿದೀನಿ."

ಮತ್ತೊಮ್ಮೆ ತೆಗೆಯಲು ಡಾಕ್ಟರು ಒಪ್ಪಿದ್ದರು. ಡ್ರಿಪ್ ನಿಲ್ಲಿಸಿ ಕಾಯಬೇಕಿತ್ತು. ಸೊಳ್ಳೆ ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಮೊದಲು ತನ್ನ ಕೆನ್ನೆಗೆ ಮುಟ್ಟಿಸಿ ನೋಡಿ, ಆಮೇಲೆ ತಂಗಿಯ ಮುಂಗೈಗೆ ಸುತ್ತಿದಳು.

"ಅಕ್ಕಾ, ನಾಳೆ ಔಷಧಿ ಹಾಕಿದ ಮೇಲೆ ವಾಂತಿ ಶುರುವಾಗತ್ತೆ. ಆ ದೊಡ್ಡ ಬೋಗುಣಿ ತಂದಿಡು," ಎಂದಳು ತಂಗಿ. ವಾಂತಿಗಾಗಿ ಇಷ್ಟು ಆಸೆಯಿಂದ ಕಾದವರನ್ನು ನಾನು ಕಂಡಿರಲಿಲ್ಲ.

ಈ ಸಲ ಡ್ರಿಪ್ಪಿನ ಕೆಳಗೆ, ಮುಂಗೈಯಲ್ಲಿ ಚುಚ್ಚಿದಳು. ನರ ಜಾರಿತು. ಚರ್ಮ ನೀಲಿಯಾಗಿ ಉಬ್ಬಿತು. ತಟ್ಟನೆ ತೋಳಿಗೆ ಬಿಗಿದಿದ್ದ ಪಟ್ಟಿ ಸಡಿಲಿಸಿ, ಸೂಜಿ ತೆಗೆದು, ಹತ್ತಿ ಒತ್ತಿ ಹಿಡಿದು ಬಹಳ ಹೊತ್ತು ನಿಂತಳು. ಕಣಗಳು ಇಳಿದವರಿಗೆ ರಕ್ತ ಬೇಗ ನಿಲ್ಲುವುದಿಲ್ಲವಂತೆ. ಎರಡನೆಯ ಸಲ ರಕ್ತ ಕಂಡಿತು, ಆದರೆ ಅಷ್ಟರಲ್ಲಿ ತಂಗಿಯ ಮುಖ ಸುಣ್ಣದಂತೆ ಬಿಳಿಚಿಕೊಂಡು, ಹಣೆಯಲ್ಲಿ ತಣ್ಣನೆಯ ಬೆವರು ಒಡೆಯಿತು. ಸೊಳ್ಳೆ ಸೂಜಿ ಕಿತ್ತು, ತಲೆದಿಂಬನ್ನು ಕಾಲಡಿಗೆ ಸರಿಸಿದಳು.

"ಅಮ್ಮಾ, ನನ್ನ ನೋಡಿ. ಕಣ್ಣು ಮುಚ್ಚಬೇಡಿ."

ತಂಗಿ ನಿಧಾನವಾಗಿ ಚೇತರಿಸಿಕೊಂಡಳು.

"ಎರಡು ಸಲ ತಪ್ಪಿದ್ರೆ ಬೇರೆಯವರನ್ನ ಕರೀಬೇಕು ಅಂತ ನಿಯಮ ಇದೆ. ಕರೀತೀನಿ ಇರಿ."

"ಬೇರೆ ಸೊಳ್ಳೆ ಬೇಡ. ನೀನೇ ಕಚ್ಚು."

ಸೊಳ್ಳೆ ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ. ಎಳೆಮಕ್ಕಳಿಗೆ ಬಳಸುವ ಸಣ್ಣ ಸೂಜಿ ತಂದು, ಬೆರಳಿನ ಬುಡದ ದಾರದಂಥ ನರಕ್ಕೆ ಉಸಿರು ಬಿಗಿಹಿಡಿದು ಚುಚ್ಚಿದಳು. ರಕ್ತ ತೊಟ್ಟುತೊಟ್ಟಾಗಿ ನಳಿಗೆಗೆ ಇಳಿಯಿತು.

"ಇದರಲ್ಲಿ ಒಂದು ಹನಿ ನೀರಿಲ್ಲ," ಎಂದು ನಳಿಗೆಯನ್ನು ಮೆಲ್ಲಗೆ ಹೊರಳಿಸುತ್ತ ತಾನೇ ಲ್ಯಾಬಿಗೆ ಓಡಿದಳು. ನಾನು ಬೋಗುಣಿ ತೊಳೆದಿಟ್ಟೆ.

ಸಂಜೆ ಡಾಕ್ಟರು ಬಂದರು. ಯಾವಾಗಲೂ ನಿಂತೇ ಮಾತಾಡುವವರು ಅಂದು ಸ್ಟೂಲು ಎಳೆದುಕೊಂಡು ಕೂತರು.

"ನೀರು ಬೆರೆತಿದ್ದು ನಿಜ. ಈ ಸಲ ಲೆಕ್ಕ ಸ್ವಲ್ಪ ಜಾಸ್ತಿ ಬಂದಿದೆ."

ತಂಗಿ ಮೊಣಕೈ ಊರಿ ಎದ್ದಳು.

"ಆದ್ರೆ ಸಾಲದಮ್ಮ. ಹತ್ತಿರಕ್ಕೂ ಬಂದಿಲ್ಲ."

ಮರುದಿನ ಬೆಳಿಗ್ಗೆ ಸೊಳ್ಳೆ ಪಕ್ಕದ ಹಾಸಿಗೆಯವರ ರಕ್ತ ತೆಗೆದು ನಮ್ಮ ಹತ್ತಿರ ಬಂದಳು. ತಂಗಿ ಅಭ್ಯಾಸದಂತೆ ಅಂಗಿಯ ತೋಳು ಮಡಚಿ ಕೈ ಚಾಚಿದಳು.

"ನಿಮ್ಮದು ಇವತ್ತು ಇಲ್ಲಮ್ಮ."

"ನಾಳೆ?"

ಸೊಳ್ಳೆ ಹಾಸಿಗೆಯ ಅಂಚಿಗೆ ಕೂತಳು. ಜೇಬಿನಿಂದ ಮುಲಾಮು ತೆಗೆದು, ಉಬ್ಬಿದ್ದ ಜಾಗಕ್ಕೆ ನೋಯದಂತೆ ಸವರಿದಳು. "ಈ ನೀಲಿ ಹೋಗೋಕೆ ಕೆಲವು ವಾರಾನೇ ಬೇಕು," ಎಂದವಳು ನಾಲಿಗೆ ಕಚ್ಚಿಕೊಂಡಳು.

"ಇರ್ಲಿ ಬಿಡೇ," ಎಂದಳು ತಂಗಿ, "ನನ್ನ ಜೊತೆಗೇ ಬರ್ಲಿ."

ಅವಳು ಅಂಗಿಯ ತೋಳನ್ನು ಕೆಳಗೆ ಎಳೆದುಕೊಂಡಳು. ನಾನು ಬಟ್ಟೆಗಳನ್ನು ಚೀಲಕ್ಕೆ ತುಂಬತೊಡಗಿದೆ.