ಗೇಣು ಹೆಚ್ಚಿದ ಗಾಡಿ

ಎತ್ತಿನ ಗಾಡಿ ಮಗುಚಿ ಮುಂಗೈ ಮುರಿದುಕೊಂಡ ಮೇಲೆ ಗಾಳೆಮ್ಮ ಮತ್ತೆ ಗಾಡಿ ಹತ್ತಿರಲಿಲ್ಲ. ಹೊಸಪೇಟೆಯಲ್ಲಿ ಹಾಸಿಗೆ ಹಿಡಿದ ತಾಯಿ ಮಗಳನ್ನು ನೋಡಬೇಕೆಂದು ಹೇಳಿ ಕಳಿಸುತ್ತಲೇ ಇದ್ದಳು. ಅವರ ಊರು ಕಂಪ್ಲಿಗೆ ಇನ್ನೂ ಮೋಟಾರು ಬಂದಿರಲಿಲ್ಲ. ಹೆಂಡತಿಯ ಕಣ್ಣೀರು ನೋಡಲಾರದೆ ಉಚ್ಚೆಂಗಪ್ಪ ಒಂದು ಉಪಾಯ ಹೂಡಿದ. ಅವನ ಉಪಾಯವೆಂದರೆ ಊರಿಗೆ ಪುಕ್ಕಟೆ ನಗು.

"ಹೊಸ ಗಾಡಿ ಮಾಡಿಕೊಡು, ಅಚ್ಚು ಒಂದು ಗೇಣು ಉದ್ದ ಇರ್ಲಿ. ಗಾಲಿ ಅಗಲಕ್ಕ ಕುಂತ್ರ ಗಾಡಿ ಹೆಂಗ ಬೀಳ್ತೈತಿ ನೋಡೇಬಿಡೂಣು," ಎಂದ ಬಡಿಗೇರ ಜಂಬಪ್ಪನಿಗೆ.

"ಯಾರ ಗಾಡೀನೂ ಹಂಗಿಲ್ಲಲ್ಲೋ ಅಣ್ಣ?"

"ಯಾರಿಗೂ ತಲಿ ಇಲ್ಲ, ಅದಕ್ಕ."

ಹೊಸ ಗಾಡಿ ಅಂಗಳಕ್ಕೆ ಬಂತು. ನಾಲ್ಕು ಜನ ಒಂದೇ ಮಗ್ಗುಲಿಗೆ ಜೋತುಬಿದ್ದರೂ ಅಲ್ಲಾಡಲಿಲ್ಲ. ಗಾಳೆಮ್ಮ ಕಣ್ಣಾರೆ ನೋಡಿ, ಗಂಟು ಕಟ್ಟಿಕೊಂಡು ಹತ್ತಿ ಕೂತಳು. ಬಿಳಿ ಇಂಜಿನಿಯರುಗಳೂ ತನ್ನ ಮುಂದೆ ನಿಲ್ಲಲಾರರು ಎಂದುಕೊಂಡ ಉಚ್ಚೆಂಗಪ್ಪ ಮೀಸೆಯ ಮೇಲೆ ಕೈಯಾಡಿಸಿ ಎತ್ತು ಹೊಡೆದ.

ಊರು ದಾಟಿದ್ದೇ ತಡ, ಜಂಬ ಇಳಿಯಿತು. ಆದೋನಿ, ಸಿರುಗುಪ್ಪ, ಗಂಗಾವತಿ ಕಡೆಯ ಗಾಡಿಗಳೆಲ್ಲ ತಲೆಮಾರುಗಳಿಂದ ಉರುಳಿ ಹಾದಿಯಲ್ಲಿ ಎರಡು ಆಳವಾದ ಜಾಡು ಕೊರೆದಿದ್ದವು. ಹೊಸ ಗಾಡಿಯ ಒಂದು ಗಾಲಿ ಜಾಡಿಗಿಳಿಯಿತು, ಇನ್ನೊಂದು ದಿಬ್ಬದ ಮೇಲೇ ಉಳಿಯಿತು. ಎಂದೂ ಬೀಳದ ಗಾಡಿ ಬೀಳುವಷ್ಟು ವಾಲಿತು. ಗಾಳೆಮ್ಮ ಚೀರಿ ಕೆಳಗೆ ಹಾರಿದಳು.

ಹಿಂದೆ ಹೊಸಪೇಟೆಗೆ ಭತ್ತದ ಗಾಡಿ ಹೊಡೆದುಕೊಂಡು ಬರುತ್ತಿದ್ದ ಅದೇ ಊರಿನ ಹನುಮಣ್ಣ ನಿಂತ.

"ತಪ್ಪು ಹಾದೀದು," ಎಂದು ಉಚ್ಚೆಂಗಪ್ಪ ಅವನ ಮೇಲೆ ಹರಿಹಾಯ್ದ. "ನೀವೂ ಎಲ್ಲಾರು ಒಂದೊಂದು ಗೇಣು ಹೆಚ್ಚಿಸ್ರಿ, ಜಾಡು ತಾನ ಬದಲಾಗತೈತಿ."

"ಹೆಚ್ಚಿಸ್ತೀನಿ. ಮೊದ್ಲ ಆದೋನಿಯವರು ಹೆಚ್ಚಿಸ್ಲಿ. ಅವರು ಗುಂತಕಲ್‌ನವರನ್ನ ಕೇಳ್ತಾರ, ಗುಂತಕಲ್‌ನವರು ಮದ್ರಾಸಿನವರನ್ನ. ಅಲ್ಲೀತನಕ ನೀ ಇಲ್ಲೇ ಕುಂದ್ರು."

ಉಚ್ಚೆಂಗಪ್ಪ ತಿರುಗಿ ವಾಲಿದ ಗಾಡಿಯನ್ನು ನೋಡಿದ. ತನ್ನದು ಲೋಕದಲ್ಲೇ ಮಸ್ತ್ ಗಾಡಿ, ಅಂಗಳ ಬಿಟ್ಟು ಕದಲದಿದ್ದರೆ. ಅವನಿಗೇ ನಗು ಬಂತು, ನಾಚಿಕೆಯೂ ಆಯಿತು.

ಅಷ್ಟರಲ್ಲಿ ಗಾಳೆಮ್ಮ ಭತ್ತದ ಚೀಲಗಳ ಮೇಲೆ ಹತ್ತುತ್ತಿದ್ದಳು.

"ಲೇ, ಅದು ಬೀಳ್ತೈತಿ!"

"ಬಿದ್ರ ಬೀಳ್ಲಿ. ಹೊಸಪೇಟೆ ಕಡೀಗಾದ್ರೂ ಬೀಳ್ತೈತಿ. ನಮ್ಮವ್ವ ಕಾಯಾಕತ್ಯಾಳ್ರೀ."

ಅವನು ಹೊಸ ಗಾಡಿಯನ್ನು ಬದಿಗೆ ನೂಕಿ, ಎತ್ತುಗಳನ್ನು ಹನುಮಣ್ಣನ ಗಾಡಿಯ ಹಿಂದೆ ಕಟ್ಟಿದ. ಹೊಸಪೇಟೆ ಮುಟ್ಟುವ ತನಕ ಹೆಂಡತಿ ಕೂತ ಮಗ್ಗುಲಿಗೆ ಕೈ ಆನಿಸಿಕೊಂಡು ನಡೆದ. ತುಂಬಿದ ಗಾಡಿ ಮಗುಚಿದರೆ ಒಂದು ಕೈ ತಡೆಯುವುದಿಲ್ಲವೆಂದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಕೈ ತೆಗೆಯಿರಿ ಎಂದು ಮಾತ್ರ ಅವಳು ಹೇಳಲಿಲ್ಲ.